ಚೆಂಡುಹೂವಿನ ನಾಡಿನ ವರ್ತಕರಿಗೆ ಸ್ಪ್ಯಾನಿಷ್ ಭಾಷೆಯ ಮೊದಲ ಪಾಠ

ಜುಲೈ-ಆಗಸ್ಟ್ ತಿಂಗಳುಗಳಲ್ಲಿ ಬೇಗೂರು, ಗುಂಡ್ಲುಪೇಟೆ, ಹಂಗಳದ ಮಾರ್ಗವಾಗಿ ಬಂಡೀಪುರದ ಕಡೆಗೆ ಸಾಗುವವರಿಗೆ ರಸ್ತೆಯ ಇಕ್ಕೆಲಗಳಲ್ಲಿ ಚೆಂಡುಹೂವಿನ ಹೊಲಗಳು ಕಾಣಸಿಗುತ್ತವೆ. ಕೇರಳದ ಪ್ರವಾಸಿಗರು ವಾಹನ ನಿಲ್ಲಿಸಿ ಛಾಯಾಚಿತ್ರ ತೆಗೆದುಕೊಳ್ಳುತ್ತಾರೆ. ಕಂಪನಿಗಳೊಂದಿಗೆ ಒಪ್ಪಂದ ಮಾಡಿಕೊಂಡು ಬೆಳೆದ ಈ ಹೂವು ದೇವರ ಮುಡಿಗಾಗಲಿ ಮದುವೆಯ ಚಪ್ಪರಕ್ಕಾಗಲಿ ಹೋಗುವಂಥದಲ್ಲ. ಅದು ಕಾರ್ಖಾನೆಗೆ ಹೋಗಿ, ಹುದುಗು ಹಿಡಿದು, ಒಣಗಿ, ಗುಳಿಗೆಯ ರೂಪ ತಾಳಿ, ಹೆಕ್ಸೇನ್ ದ್ರಾವಕದಲ್ಲಿ ತನ್ನ ಬಣ್ಣವನ್ನು ಬಿಟ್ಟುಕೊಟ್ಟು ಓಲಿಯೋರೆಸಿನ್ ಎಂಬ ಮಂದವಾದ ಸಾರವಾಗುತ್ತದೆ. ಅದರಲ್ಲಿರುವ ಲ್ಯೂಟಿನ್ ಎಂಬ ವರ್ಣದ್ರವ್ಯಕ್ಕೆ ಕೋಳಿ ಆಹಾರದ ಉದ್ಯಮದಲ್ಲಿಯೂ ಕಣ್ಣಿನ ಆರೋಗ್ಯದ ಮಾತ್ರೆಗಳ ತಯಾರಿಕೆಯಲ್ಲಿಯೂ ಬೇಡಿಕೆಯಿದೆ.

ಈ ಸಾರವನ್ನು ಬಹುಕಾಲದಿಂದ ಬಲ್ಲ ದೇಶಗಳಲ್ಲಿ ಮೆಕ್ಸಿಕೊ ಮತ್ತು ಸ್ಪೇನ್ ಮುಖ್ಯವಾದವು. ಮೆಕ್ಸಿಕೊದ ಗ್ರಾಹಕನಿಗೆ ಕೋಳಿಯ ಚರ್ಮ ಹಳದಿಯಾಗಿರಬೇಕು, ಮೊಟ್ಟೆಯ ಭಂಡಾರ ಕೇಸರಿಯಾಗಿರಬೇಕು. ಚೆಂಡುಹೂವಿನ ಮೂಲ ತವರೂ ಮೆಕ್ಸಿಕೊ ದೇಶವೇ. ಅಲ್ಲಿ ಅದರ ಹೆಸರು ‘ಸೆಂಪಸೂಚಿಲ್’. ಸ್ಪೇನಿನವರು ಕಾಲಿಡುವ ಮೊದಲೇ ಅಲ್ಲಿದ್ದ ನಾವಾತ್ಲ್ ಭಾಷೆಯಲ್ಲಿ ಈ ಪದಕ್ಕೆ ‘ಇಪ್ಪತ್ತು ಹೂವು’ ಎಂದರ್ಥ. ಎಸಳುಗಳ ದಟ್ಟಣೆಯಿಂದ ಬಂದ ಹೆಸರು. ನವೆಂಬರ್ 1 ಮತ್ತು 2ರಂದು ಮೆಕ್ಸಿಕೊದ ಮನೆಮನೆಗಳಲ್ಲಿ ಗತಿಸಿದ ಹಿರಿಯರಿಗೆ ಇದೇ ಹೂವನ್ನು ಅರ್ಪಿಸುತ್ತಾರೆ. ನಮ್ಮ ಪಿತೃಪಕ್ಷವನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಚಾಮರಾಜನಗರದ ಕರಿಕಲ್ಲಿನ ಉದ್ಯಮಕ್ಕೂ ಇದೇ ಭಾಷಾವಲಯದ ಪರಿಚಯ ಉಪಯುಕ್ತ. ಸ್ಪೇನಿನ ವಾಯವ್ಯ ಭಾಗದ ಗಲೀಸಿಯಾ ಪ್ರಾಂತದಲ್ಲಿರುವ ಪೊರ್ರೀಞೊ ಎಂಬ ಪಟ್ಟಣ ಆ ದೇಶದ ಗ್ರಾನೈಟ್ ಉದ್ಯಮದ ಕೇಂದ್ರ. ತಮ್ಮ ನೆಲದ ಗುಲಾಬಿ ಬಣ್ಣದ ಕಲ್ಲಿನ ಜೊತೆಗೆ ಹೊರದೇಶಗಳ ದಿಮ್ಮಿಗಳನ್ನೂ ಅಲ್ಲಿ ಸೀಳಿ ಹೊಳಪು ಕೊಡುತ್ತಾರೆ. ಅರಿಸಿನ ಬೆಳೆಯುವವರಿಗೂ, ರಾಜ್ಯದ ಬೇರೆಡೆಗಳಿಂದ ಗರ್ಕಿನ್ ಎಂಬ ಮಿಡಿಸೌತೆಯನ್ನು ಉಪ್ಪುನೀರಿನಲ್ಲಿಟ್ಟು ರಫ್ತು ಮಾಡುವವರಿಗೂ ಸ್ಪ್ಯಾನಿಷ್ ಆಡುವ ಖರೀದಿದಾರರು ಹೊಸಬರಲ್ಲ. ಆ ಭಾಷೆಯನ್ನು ಮಾತೃಭಾಷೆಯಾಗಿ ಆಡುವವರ ಸಂಖ್ಯೆ 50 ಕೋಟಿಯ ಸಮೀಪದಲ್ಲಿದೆ. ಇಪ್ಪತ್ತು ಸ್ವತಂತ್ರ ರಾಷ್ಟ್ರಗಳಲ್ಲಿ ಅದು ಆಡಳಿತ ಭಾಷೆ.

ಆದರೆ ಜಿಲ್ಲೆಯ ಸಣ್ಣ ತಯಾರಕರಲ್ಲಿ ಅನೇಕರು ನೇರವಾಗಿ ರಫ್ತು ಮಾಡುವವರಲ್ಲ. ಸರಕು ಬೆಂಗಳೂರು, ಚೆನ್ನೈ, ಕೊಚ್ಚಿಯ ಮಧ್ಯವರ್ತಿಗಳ ಕೈಗೆ ಹೋಗುತ್ತದೆ. ಖರೀದಿದಾರನ ಪತ್ರವನ್ನು ಓದುವವರೂ ಅವರೇ, ಉತ್ತರ ಬರೆಯುವವರೂ ಅವರೇ. ಮಧ್ಯವರ್ತಿಯ ಸೇವೆಗೆ ಬೆಲೆಯುಂಟು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಕೊಳ್ಳುವವನು ಯಾವ ದರ್ಜೆ ಕೇಳಿದ, ಯಾವ ದೋಷ ಹೇಳಿದ, ಎಷ್ಟು ದಿನದ ವಾಯಿದೆ ಕೇಳಿದ ಎಂಬುದು ಮಾಡುವವನಿಗೆ ತಿಳಿಯದೆ ಹೋದರೆ, ಲಾಭದ ಯಾವ ಪಾಲು ಎಲ್ಲಿ ನಿಂತಿತೆಂಬುದೂ ತಿಳಿಯುವುದಿಲ್ಲ. ಒಂದು ಸಂಸ್ಥೆಯಲ್ಲಿ ಒಬ್ಬರಾದರೂ ಸ್ಪ್ಯಾನಿಷ್ ಪತ್ರವನ್ನು ಓದಿ ಸ್ಥೂಲವಾಗಿ ಅರ್ಥಮಾಡಿಕೊಳ್ಳಬಲ್ಲವರಾದರೆ ಈ ಕತ್ತಲೆ ಎಷ್ಟೋ ಕಡಿಮೆಯಾಗುತ್ತದೆ. ಕನ್ನಡ ಬಲ್ಲವರಿಗೆ ಇದು ತಿಳಿದುಕೊಂಡಷ್ಟು ಕಷ್ಟದ ಕೆಲಸವಲ್ಲ.

ಕನ್ನಡದಿಂದಲೇ ಆರಂಭ

ಸ್ಪ್ಯಾನಿಷ್ ಕಲಿಯಲು ಮೊದಲು ಇಂಗ್ಲಿಷ್ ಚೆನ್ನಾಗಿ ಬರಬೇಕೆಂಬ ಭಾವನೆ ವ್ಯಾಪಕವಾಗಿದೆ. ಪಠ್ಯಪುಸ್ತಕಗಳೂ ಮೊಬೈಲ್ ಪಾಠಗಳೂ ಹೆಚ್ಚಾಗಿ ಇಂಗ್ಲಿಷ್ ಮೂಲಕವೇ ಇರುವುದರಿಂದ ಈ ಭಾವನೆ ಬಂದಿರಬಹುದು. ಆದರೆ ಉಚ್ಚಾರಣೆಯ ವಿಷಯದಲ್ಲಿ ಇಂಗ್ಲಿಷಿಗಿಂತ ಕನ್ನಡವೇ ಉತ್ತಮ ಬುನಾದಿ. ಸ್ಪ್ಯಾನಿಷ್‌ನಲ್ಲಿ ಐದೇ ಸ್ವರಗಳು: ಅ, ಎ, ಇ, ಒ, ಉ. ಬರೆದಂತೆ ಓದುವ ಭಾಷೆ ಅದು. ಇಂಗ್ಲಿಷಿನವರು ಎಷ್ಟು ಹೆಣಗಿದರೂ ಸುಲಭವಾಗಿ ಬಾರದ ಹಲ್ಲಿನ ‘ತ’ ಮತ್ತು ‘ದ’ ನಮ್ಮ ನಾಲಗೆಯಲ್ಲಿ ಹುಟ್ಟಿನಿಂದಲೇ ಇವೆ. ಮಹಾಪ್ರಾಣಗಳಿಲ್ಲ. ‘ಹ’ಕಾರದ ಇಂಗ್ಲಿಷ್ ಅಕ್ಷರವನ್ನು ಬರೆಯುತ್ತಾರೆ, ಉಚ್ಚರಿಸುವುದಿಲ್ಲ, ನಮ್ಮ ಕಡೆ ‘ಹೂವು’ ‘ಊವು’ ಆಗುವುದನ್ನು ಕೇಳಿದವರಿಗೆ ಇದು ವಿಚಿತ್ರವೆನಿಸದು.

ಎರಡು ‘ರ’ಗಳ ಭೇದ ಮಾತ್ರ ಗಮನಿಸಬೇಕು. ‘ಪೇರೊ’ ಎಂದರೆ ‘ಆದರೆ’. ಅದನ್ನೇ ಬಲವಾಗಿ ನಾಲಗೆ ಅದುರಿಸಿ ‘ಪೇರ್‍ರೊ’ ಎಂದರೆ ‘ನಾಯಿ’. ಹಳಗನ್ನಡದ ಶಕಟರೇಫವನ್ನು ನೆನಪಿಸುವ ಧ್ವನಿ ಇದು. ನಮ್ಮ ‘ಞ’ ಅಕ್ಷರಕ್ಕೂ ಅಲ್ಲಿ ಉದ್ಯೋಗವಿದೆ. ಇಂಗ್ಲಿಷ್ ‘ಎನ್’ ಅಕ್ಷರದ ಮೇಲೆ ಅಲೆಯಂತಹ ಗೆರೆ ಎಳೆದು ಅದನ್ನು ಸೂಚಿಸುತ್ತಾರೆ. ‘ಆಞೊ’ ಎಂದರೆ ವರ್ಷ. ಆ ಗೆರೆಯನ್ನು ಬಿಟ್ಟು ಪತ್ರದಲ್ಲಿ ‘ಆರ್ಥಿಕ ವರ್ಷ’ ಎಂದು ಬೆರಳಚ್ಚು ಮಾಡಿದರೆ ಸಭ್ಯರು ಹೇಳಲಾರದ ಅರ್ಥ ಬರುತ್ತದೆ. ಲೆಕ್ಕಪತ್ರ ಬರೆಯುವ ಗುಮಾಸ್ತರು ಇದನ್ನು ಮೊದಲ ದಿನವೇ ತಿಳಿದಿರುವುದು ಕ್ಷೇಮ.

ವ್ಯಾಕರಣದಲ್ಲಿಯೂ ಕನ್ನಡಿಗರಿಗೆ ಅನುಕೂಲಗಳಿವೆ. ‘ಪಾವತಿಸುತ್ತೇನೆ’ ಎಂದರೆ ಸಾಕು, ‘ನಾನು’ ಎಂದು ಹೇಳಬೇಕಾಗಿಲ್ಲ. ಕ್ರಿಯಾಪದದ ತುದಿಯೇ ಯಾರೆಂಬುದನ್ನು ತಿಳಿಸುತ್ತದೆ. ಸ್ಪ್ಯಾನಿಷ್‌ನಲ್ಲಿಯೂ ಹಾಗೆಯೇ: ‘ಪಾಗೊ’ ಎಂದರೆ ಪಾವತಿಸುತ್ತೇನೆ, ‘ಪಾಗಾ’ ಎಂದರೆ ಪಾವತಿಸುತ್ತಾನೆ. ‘ನನಗೆ ಇಷ್ಟ’ ಎನ್ನುವಾಗ ನಾವು ಚತುರ್ಥಿ ವಿಭಕ್ತಿ ಬಳಸುತ್ತೇವೆ. ಅವರ ‘ಮೆ ಗೂಸ್ತಾ’ ಕೂಡ ಪದಶಃ ‘ನನಗೆ ರುಚಿಸುತ್ತದೆ’ ಎಂದೇ. ‘ಹೂ ತಂದ’ ಎನ್ನುವಾಗ ‘ಅನ್ನು’ ಪ್ರತ್ಯಯ ಬಿಟ್ಟರೂ ನಡೆಯುತ್ತದೆ, ‘ಮೇಸ್ತ್ರಿಯನ್ನು ಕರೆದ’ ಎನ್ನುವಾಗ ಬಿಡಲಾಗದು. ಸ್ಪ್ಯಾನಿಷ್‌ನಲ್ಲಿಯೂ ಕರ್ಮಪದ ಮನುಷ್ಯನಾದರೆ ಅದರ ಹಿಂದೆ ‘ಆ’ ಎಂಬ ಅಕ್ಷರ ಸೇರುತ್ತದೆ, ವಸ್ತುವಾದರೆ ಸೇರುವುದಿಲ್ಲ. ಇಂಗ್ಲಿಷ್ ಮೂಲಕ ಕಲಿಯುವವರಿಗೆ ಇವೆರಡೂ ತಲೆನೋವಿನ ಅಧ್ಯಾಯಗಳು.

ಇರುವಿಕೆಯನ್ನು ಹೇಳಲು ಸ್ಪ್ಯಾನಿಷ್‌ನಲ್ಲಿ ‘ಸೆರ್’ ಮತ್ತು ‘ಎಸ್ತಾರ್’ ಎಂಬ ಎರಡು ಕ್ರಿಯಾಪದಗಳಿವೆ. ಮೊದಲನೆಯದು ಸ್ವಭಾವಕ್ಕೆ, ಎರಡನೆಯದು ಸದ್ಯದ ಸ್ಥಿತಿಗೆ ಮತ್ತು ಸ್ಥಳಕ್ಕೆ. ‘ಹೂವು ಹಳದಿ’ ಎನ್ನುವಾಗ ಕನ್ನಡದಲ್ಲಿ ಕ್ರಿಯಾಪದವೇ ಬೇಡ. ಅಲ್ಲಿ ‘ಸೆರ್’ ಬರುತ್ತದೆ. ‘ಹೂವು ಒದ್ದೆಯಾಗಿದೆ’, ‘ಲಾರಿ ಗೇಟಿನಲ್ಲಿದೆ’ ಎನ್ನುವಾಗ ‘ಇದೆ’ ಬೇಕು, ಅಲ್ಲಿ ‘ಎಸ್ತಾರ್’. ಎಲ್ಲ ಸಂದರ್ಭಗಳಿಗೂ ಈ ಸೂತ್ರ ಹೊಂದದಿದ್ದರೂ ಆರಂಭಕ್ಕೆ ಸಾಕು. ಖರೀದಿದಾರನ ಪತ್ರದಲ್ಲಿ ಸರಕಿನ ಹೆಸರಿನ ಮುಂದೆ ‘ಎಸ್ತಾ’ ಎಂದು ಕಂಡರೆ, ಬಂದ ಮಾಲಿನ ಸ್ಥಿತಿಯ ಬಗ್ಗೆ ಏನೋ ಹೇಳುತ್ತಿದ್ದಾನೆಂದು ತಿಳಿದು ಎಚ್ಚರಿಕೆಯಿಂದ ಓದಬೇಕು. ದೂರುಗಳು ಹೆಚ್ಚಾಗಿ ಈ ಪದದೊಂದಿಗೇ ಬರುತ್ತವೆ.

ಕಷ್ಟವಿಲ್ಲವೆಂದಲ್ಲ. ನಮ್ಮಲ್ಲಿ ಕಲ್ಲು, ಹೂವು, ಮೇಜು ಎಲ್ಲವೂ ನಪುಂಸಕಲಿಂಗ. ಅಲ್ಲಿ ಹೂವು ಸ್ತ್ರೀಲಿಂಗ, ಗ್ರಾನೈಟ್ ಪುಲ್ಲಿಂಗ, ಅದೇ ಕಲ್ಲನ್ನು ‘ಪಿಯೇದ್ರಾ’ ಎಂದು ಕರೆದರೆ ಸ್ತ್ರೀಲಿಂಗ. ಇದಕ್ಕೆ ತರ್ಕವಿಲ್ಲ, ಬಾಯಿಪಾಠವೇ ದಾರಿ. ವಿಶೇಷಣ ಸಾಮಾನ್ಯವಾಗಿ ನಾಮಪದದ ನಂತರ ಬರುತ್ತದೆ: ಕರಿಕಲ್ಲು ‘ಗ್ರಾನೀತೊ ನೇಗ್ರೊ’, ಅಂದರೆ ಪದಶಃ ‘ಕಲ್ಲು ಕರಿ’. ಕ್ರಿಯಾಪದಗಳ ಕಾಲರೂಪಗಳು ಹಲವು. ಅವೆಲ್ಲವನ್ನೂ ಕಲಿತ ನಂತರವೇ ಪತ್ರ ಓದುತ್ತೇನೆಂದು ಕುಳಿತರೆ ವರ್ಷಗಳು ಕಳೆಯುತ್ತವೆ.

ಗೌರವವಾಚಕದ ಬಗ್ಗೆ ಒಂದು ಮಾತು. ನೀನು ಎಂಬುದಕ್ಕೆ ‘ತೂ’, ನೀವು ಎಂಬುದಕ್ಕೆ ‘ಉಸ್ತೇದ್’. ಎರಡನೆಯದು ‘ತಮ್ಮ ಕೃಪೆ’ ಎಂಬರ್ಥದ ಹಳೆಯ ಸಂಬೋಧನೆಯಿಂದ ಸವೆದು ಬಂದ ಪದ. ಸ್ಪೇನಿನಲ್ಲಿ ಈಚೆಗೆ ವ್ಯಾಪಾರಸ್ಥರೂ ಬೇಗನೆ ‘ತೂ’ ಎನ್ನುತ್ತಾರೆ. ಮೆಕ್ಸಿಕೊ, ಕೊಲಂಬಿಯಾಗಳಲ್ಲಿ ‘ಉಸ್ತೇದ್’ ರೂಢಿ ಹೆಚ್ಚು. ಹೊಸಬರು ‘ಉಸ್ತೇದ್’ ಬಿಡದಿರುವುದೇ ಲೇಸು.

ಹಳೆಯ ನೆಂಟರು

ಕೆಲವು ಪದಗಳು ಮೊದಲ ನೋಟಕ್ಕೇ ಪರಿಚಿತವೆನಿಸುತ್ತವೆ. ಮೇಸ್ತ್ರಿ, ಅಲಮಾರು, ಪಗಾರ, ಪಾದ್ರಿ ಇವು ಪೋರ್ಚುಗೀಸರ ಮೂಲಕ ಕನ್ನಡಕ್ಕೆ ಬಂದವು. ಪೋರ್ಚುಗೀಸ್‌ನ ಸೋದರಭಾಷೆಯಾದ ಸ್ಪ್ಯಾನಿಷ್‌ನಲ್ಲಿ ಅವು ಮಯೆಸ್ತ್ರೊ, ಅರ್ಮಾರಿಯೊ, ಪಗಾರ್, ಪಾದ್ರೆ. ‘ಪಗಾರ್’ ಎಂದರೆ ಪಾವತಿಸು. ‘ಪಗರೇ’ ಎಂದರೆ ‘ಪಾವತಿಸುವೆನು’, ಅದೇ ಅಲ್ಲಿನ ಪ್ರಾಮಿಸರಿ ನೋಟಿನ ಹೆಸರು. ಸಂಖ್ಯೆಗಳಲ್ಲಿ ದೋಸ್, ತ್ರೇಸ್, ಸಿಯೇತೆ, ನುವೇವೆ, ದಿಯೇಸ್ ಎಂಬವುಗಳ ಹಿಂದೆ ಸಂಸ್ಕೃತದ ದ್ವಿ, ತ್ರಿ, ಸಪ್ತ, ನವ, ದಶಗಳ ನೆರಳನ್ನು ಯಾರಾದರೂ ಗುರುತಿಸಬಹುದು.

ಅರಬ್ಬರ ಮೂಲಕ ಸ್ಪೇನಿಗೆ ಹೋದ ಪದಗಳು ಇನ್ನೂ ಸ್ವಾರಸ್ಯಕರ. ‘ಅಸೂಕರ್’ ಎಂಬುದು ಸಂಸ್ಕೃತದ ಶರ್ಕರದಿಂದ ಹೊರಟ ನಮ್ಮ ಸಕ್ಕರೆಯೇ. ಹುಣಸೆಗೆ ‘ತಮರಿಂದೊ’ ಎನ್ನುತ್ತಾರೆ, ಅರಬ್ಬಿಯಲ್ಲಿ ಅದು ‘ಹಿಂದೂಸ್ತಾನದ ಖರ್ಜೂರ’. ಸುಂಕದ ಕಟ್ಟೆಗೆ ‘ಅದುವಾನಾ’ ಎಂದು ಹೆಸರು. ಲೆಕ್ಕದ ಪುಸ್ತಕ, ಲೆಕ್ಕದ ಕಚೇರಿ ಎಂಬರ್ಥದ ‘ದೀವಾನ್’ ಪದದಿಂದ ಬಂದದ್ದು. ಮೈಸೂರು ಸಂಸ್ಥಾನದ ದಿವಾನರ ಪದವಿಯೂ ಅದೇ ಮೂಲದ್ದು.

ಅಂಕಿಗಳಲ್ಲಿ ಅಡಗಿದ ಅಪಾಯ

ಪದಗಳು ತಪ್ಪಿದರೆ ನಗು, ಅಂಕಿಗಳು ತಪ್ಪಿದರೆ ನಷ್ಟ. ಸ್ಪೇನಿನ ಕಾಗದಪತ್ರಗಳಲ್ಲಿ ಸಾವಿರದ ಸ್ಥಾನದಲ್ಲಿ ಚುಕ್ಕೆಯನ್ನೂ ದಶಮಾಂಶಕ್ಕೆ ಅಲ್ಪವಿರಾಮವನ್ನೂ ಹಾಕುತ್ತಾರೆ. ನಮ್ಮ ಕ್ರಮಕ್ಕೆ ತದ್ವಿರುದ್ಧ. 1.250,00 ಎಂದರೆ ಒಂದು ಸಾವಿರದ ಇನ್ನೂರೈವತ್ತು. ಪೂರ್ತಿ ಮೊತ್ತವನ್ನು ಹೀಗೆ ಬರೆದಾಗ ಯಾರೂ ಎಡವುವುದಿಲ್ಲ. ಆದರೆ ಅರಿಸಿನದ ಪುಡಿಗೆ ಸ್ಪೇನಿನಿಂದ ‘ಪರೀಕ್ಷಾರ್ಥ 1.250 ಕೆ.ಜಿ.’ ಎಂದು ಕೋರಿಕೆ ಬಂದಿತೆಂದು ಭಾವಿಸೋಣ. ನಮ್ಮವರು ಒಂದೂಕಾಲು ಕಿಲೋ ಮಾದರಿಯನ್ನು ಕೊರಿಯರ್ ಮಾಡುತ್ತಾರೆ. ಅವರು ಒಂದೂಕಾಲು ಟನ್ನಿನ ದಾರಿ ಕಾಯುತ್ತಿರುತ್ತಾರೆ. ಕಲ್ಲಿನ ಹಲಗೆಯ ಉದ್ದ ‘2,850 ಮೀಟರ್’ ಎಂದಿದ್ದರೆ ಅದು ಮೂರು ಮೀಟರಿಗೂ ಕಡಿಮೆ. ಅರ್ಜೆಂಟೀನಾ, ಚಿಲಿ, ಕೊಲಂಬಿಯಾಗಳಲ್ಲಿಯೂ ಇದೇ ಕ್ರಮ. ಮೆಕ್ಸಿಕೊದಲ್ಲಿ ಮಾತ್ರ ನಮ್ಮಂತೆ ದಶಮಾಂಶಕ್ಕೆ ಚುಕ್ಕೆ. ಆದ್ದರಿಂದ ಭಾಷೆ ಒಂದೇ ಆದರೂ ಪತ್ರ ಯಾವ ದೇಶದ್ದೆಂದು ನೋಡಿಯೇ ಅಂಕಿಯನ್ನು ಓದಬೇಕು. ಚೆಕ್ಕಿನಲ್ಲಿ ಬರೆಯುವಂತೆ ಮೊತ್ತವನ್ನೂ ತೂಕವನ್ನೂ ಅಂಕಿಯ ಜೊತೆಗೆ ಅಕ್ಷರಗಳಲ್ಲಿ ಬರೆದು ಖಚಿತಪಡಿಸಿಕೊಳ್ಳುವುದು ಉತ್ತಮ. ಅದಕ್ಕೆ ಸ್ಪ್ಯಾನಿಷ್ ಸಂಖ್ಯಾವಾಚಕಗಳು ಬಂದರೆ ಸಾಕು.

ಲಕ್ಷಕ್ಕೆ ‘ಸಿಯೆನ್ ಮಿಲ್’ ಅಂದರೆ ನೂರು ಸಾವಿರ. ಕೋಟಿಗೆ ‘ದಿಯೇಸ್ ಮಿಯೋನೆಸ್’ ಅಂದರೆ ಹತ್ತು ಮಿಲಿಯನ್. ‘ಬಿಯೋನ್’ ಎಂಬುದನ್ನು ಇಂಗ್ಲಿಷಿನ ಬಿಲಿಯನ್ ಎಂದು ತಿಳಿಯಬಾರದು. ಇಂಗ್ಲಿಷಿನ ಬಿಲಿಯನ್ ನೂರು ಕೋಟಿ. ಸ್ಪ್ಯಾನಿಷ್‌ನ ಬಿಯೋನ್ ಒಂದು ಲಕ್ಷ ಕೋಟಿ.

ಮೆಕ್ಸಿಕೊದ ನಾಣ್ಯ ಪೆಸೊ. ಅದರ ಚಿಹ್ನೆ ಅಮೆರಿಕದ ಡಾಲರಿನ ಚಿಹ್ನೆಯೇ! ಮೆಕ್ಸಿಕೊದ ಪತ್ರದಲ್ಲಿ ಡಾಲರ್ ಚಿಹ್ನೆ ಕಂಡೊಡನೆ ಡಾಲರ್ ಎಂದು ನಂಬಿದರೆ ಲೆಕ್ಕ ಅನೇಕ ಪಟ್ಟು ಏರುಪೇರಾಗುತ್ತದೆ. ಮೊತ್ತದ ಮುಂದೆ ‘ಎಮ್.ಎನ್.’ ಎಂದಿದ್ದರೆ ಅದು ‘ರಾಷ್ಟ್ರೀಯ ನಾಣ್ಯ’, ಅಂದರೆ ಪೆಸೊ. ಜೊತೆಗೆ ‘ಪೇಸೊ’ ಎಂದರೆ ತೂಕ ಎಂಬ ಅರ್ಥವೂ ಇದೆ: ‘ಪೇಸೊ ನೇತೊ’ ನಿವ್ವಳ ತೂಕ, ‘ಪೇಸೊ ಬ್ರೂತೊ’ ಒಟ್ಟು ತೂಕ.

ಇನ್ನೊಂದು ಬಲೆ ಸ್ಪೇನಿನದು. ಅಲ್ಲಿನ ಬಿಲ್ಲುಗಳ ತಲೆಬರಹದಲ್ಲಿ ‘ಸಿ.ಐ.ಎಫ್.’ ಎಂದು ಬರೆದು ಮುಂದೆ ಒಂದು ಸಂಖ್ಯೆ ಕೊಟ್ಟಿರುವುದುಂಟು. ಬೆಲೆ, ವಿಮೆ, ಸಾಗಣೆ ಸೇರಿದ ದರವೆಂದು ನಮ್ಮವರು ಭ್ರಮಿಸಬಾರದು. ಅದು ಕಂಪನಿಯ ತೆರಿಗೆ ಗುರುತಿನ ಸಂಖ್ಯೆಯ ಹಳೆಯ ಹೆಸರು. ಅಧಿಕೃತವಾಗಿ 2008ರಿಂದ ಅದು ‘ಎನ್.ಐ.ಎಫ್.’ ಆಗಿದೆಯಾದರೂ ರೂಢಿ ಬಿಟ್ಟಿಲ್ಲ. ಮೆಕ್ಸಿಕೊದಲ್ಲಿ ಇದೇ ಸ್ಥಾನದಲ್ಲಿರುವುದು ‘ಆರ್.ಎಫ್.ಸಿ.’. ‘ಐ.ವಿ.ಎ.’ ಎಂಬುದು ನಮ್ಮ ಜಿ.ಎಸ್.ಟಿ.ಯಂತಹ ಮೌಲ್ಯವರ್ಧಿತ ತೆರಿಗೆ. ಸಾಮಾನ್ಯ ದರ ಸ್ಪೇನಿನಲ್ಲಿ ಶೇ. 21, ಮೆಕ್ಸಿಕೊದಲ್ಲಿ ಶೇ. 16. ಕಂಪನಿಯ ಹೆಸರಿನ ಕೊನೆಗೆ ‘ಎಸ್.ಎಲ್.’ ಎಂದಿದ್ದರೆ ಸ್ಪೇನಿನ ಸೀಮಿತ ಹೊಣೆಯ ಕಂಪನಿ; ‘ಎಸ್.ಎ. ದೆ ಸಿ.ವಿ.’ ಎಂದಿದ್ದರೆ ಮೆಕ್ಸಿಕೊದ್ದು. ವ್ಯಕ್ತಿಗಳಿಗೆ ಸಾಮಾನ್ಯವಾಗಿ ಎರಡು ಕುಲನಾಮಗಳು, ಮೊದಲು ತಂದೆಯದು, ನಂತರ ತಾಯಿಯದು. ಪತ್ರದಲ್ಲಿ ಸಂಬೋಧಿಸುವಾಗ ಕೊನೆಯದನ್ನಲ್ಲ, ಮೊದಲ ಕುಲನಾಮವನ್ನು ಬಳಸಬೇಕು.

ಕಾಗದಪತ್ರಗಳ ಪದಗಳು

ಸಾವಿರ ಪದಗಳ ಪಟ್ಟಿಯಿಂದ ಆರಂಭಿಸುವ ಬದಲು ತನ್ನ ವ್ಯಾಪಾರದ ಐವತ್ತು ಪದಗಳನ್ನು ಹಿಡಿಯುವುದು ಜಾಣತನ. ಇನ್‌ವಾಯ್ಸಿಗೆ ‘ಫಕ್ತೂರಾ’, ಆರ್ಡರಿಗೆ ‘ಪೆದೀದೊ’, ಮಾದರಿಗೆ ‘ಮುವೇಸ್ತ್ರಾ’, ಮುಂಗಡಕ್ಕೆ ‘ಅಂತಿಸೀಪೊ’, ಬಾಕಿಗೆ ‘ಸಾಲ್ದೊ’, ವಾಯಿದೆಗೆ ‘ಪ್ಲಾಸೊ’, ಸಾಗಣೆ ಬಾಡಿಗೆಗೆ ‘ಫ್ಲೇತೆ’, ವಿಮೆಗೆ ‘ಸೆಗೂರೊ’. ಬಿಲ್ ಆಫ್ ಲೇಡಿಂಗ್ ಎಂಬುದು ‘ಕೊನೊಸಿಮಿಯೆಂತೊ ದೆ ಎಂಬಾರ್ಕೆ’. ವಾಣಿಜ್ಯ ಮಂಡಳಿ ‘ಕಾಮಾರಾ ದೆ ಕೊಮೇರ್ಸಿಯೊ’; ಮೂಲ ಪ್ರಮಾಣಪತ್ರ ‘ಸೆರ್ತಿಫಿಕಾದೊ ದೆ ಒರೀಹೆನ್’. ಕಲ್ಲಿನವರಿಗೆ ದಿಮ್ಮಿ ‘ಬ್ಲೋಕೆ’, ಹಲಗೆ ‘ತಾಬ್ಲಾ’, ಹೊಳಪು ಕೊಟ್ಟದ್ದು ‘ಪುಲೀದೊ’, ದಪ್ಪ ‘ಎಸ್ಪೆಸೋರ್’. ಅರಿಸಿನ ‘ಕೂರ್ಕುಮಾ’.

ಪಾವತಿಯ ವಿಷಯದಲ್ಲಿ ಮೆಕ್ಸಿಕೊದ ‘ಅವೊರೀತಾ’ ಎಂಬ ಪದವನ್ನು ತಿಳಿದಿರಬೇಕು. ನಿಘಂಟಿನಲ್ಲಿ ‘ಈಗಲೇ’ ಎಂದಿದ್ದರೂ ಬಳಕೆಯಲ್ಲಿ ಈ ಕ್ಷಣದಿಂದ ಸಂಜೆಯವರೆಗೆ, ಕೆಲವೊಮ್ಮೆ ಅದರಾಚೆಗೂ ಹಿಗ್ಗುತ್ತದೆ. ಅಂಗಡಿಯ ಗಲ್ಲದಲ್ಲಿ ಕುಳಿತು ‘ಈಗ ಬಂದೆ’ ಎಂಬ ಮಾತನ್ನು ಕೇಳಿ ಅಭ್ಯಾಸವಿರುವವರಿಗೆ ಅರ್ಥವಾಗುತ್ತದೆ. ದಿನಾಂಕವನ್ನೇ ಕೇಳಿ ಬರೆಸಿಕೊಳ್ಳುವುದು ಮೇಲು.

ಗ್ರಾಹಕರಿಗೆ ನೇರ ಮಾರಾಟವಾಗುವ ಪೊಟ್ಟಣಗಳನ್ನು ಕಳುಹಿಸುವವರಿಗೆ ಸ್ಪ್ಯಾನಿಷ್ ಕಾನೂನಿನ ಅಗತ್ಯವೂ ಹೌದು. ಸ್ಪೇನ್ ಮತ್ತು ಮೆಕ್ಸಿಕೊ ಎರಡರಲ್ಲಿಯೂ ಆಹಾರ ಪದಾರ್ಥದ ಚೀಟಿಯ ಮೇಲಿನ ಕಡ್ಡಾಯ ವಿವರಗಳು ಆ ಭಾಷೆಯಲ್ಲಿರಬೇಕು. ಮೆಕ್ಸಿಕೊದಲ್ಲಿ 2020ರಿಂದ ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ಪೊಟ್ಟಣಗಳ ಮುಂಭಾಗದಲ್ಲಿ ಎಂಟು ಮೂಲೆಯ ಕಪ್ಪು ಎಚ್ಚರಿಕೆ ಚಿಹ್ನೆಗಳೂ ಬೇಕು. ಇಂತಹ ಬರಹವನ್ನು ಯಂತ್ರಾನುವಾದಕ್ಕೆ ಒಪ್ಪಿಸಿ ಮುದ್ರಣಕ್ಕೆ ಕೊಡುವುದು ಸಾಹಸ. ಪತ್ರದ ಸಾರ ತಿಳಿಯಲು ಯಂತ್ರಾನುವಾದ ಸಾಕು. ಸಹಿ ಹಾಕುವ ಕಾಗದಕ್ಕೆ, ಅಚ್ಚಾಗುವ ಚೀಟಿಗೆ ಸಾಲದು. ಕರಾರನ್ನೂ ಲೆಟರ್ ಆಫ್ ಕ್ರೆಡಿಟ್ಟಿನ ಷರತ್ತುಗಳನ್ನೂ ಇಂಗ್ಲಿಷಿನಲ್ಲಿಯೇ ಇರಿಸಿಕೊಳ್ಳಬೇಕು. ಆರು ತಿಂಗಳ ಸ್ಪ್ಯಾನಿಷ್ ಇಟ್ಟುಕೊಂಡು ಬೆಲೆ ಕುದುರಿಸಲು ಹೊರಡುವುದೂ ವಿವೇಕವಲ್ಲ.

ಎಲ್ಲಿ, ಎಷ್ಟು, ಯಾರು

ಹಳ್ಳಿಗಾಡಿನವರಿಗೆ ಈ ಭಾಷೆ ಬರುವುದೇ ಎಂಬ ಸಂದೇಹಕ್ಕೆ ನಮ್ಮ ಗಡಿಯಾಚೆಯೇ ಉತ್ತರವಿದೆ. ಪಾವಗಡ, ಬಳ್ಳಾರಿಗಳಿಗೆ ತಾಗಿಕೊಂಡಿರುವ ಅನಂತಪುರದಲ್ಲಿ ಬಾರ್ಸಿಲೋನಾ ಮೂಲದ ವಿಸೆಂತೆ ಫೆರ್ರೆರ್ 1969ರಲ್ಲಿ ನೆಲೆಸಿ, 2009ರಲ್ಲಿ ತೀರಿಕೊಳ್ಳುವವರೆಗೆ ಗ್ರಾಮೀಣಾಭಿವೃದ್ಧಿಯ ಕೆಲಸ ಮಾಡಿದರು. ಅವರು ಕಟ್ಟಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ಬಡ ಕುಟುಂಬಗಳ ಪದವೀಧರರಿಗೆ ವಿದೇಶಿ ಭಾಷೆಗಳ ಶಾಲೆಯನ್ನು ನಡೆಸಿ, ಇಂಗ್ಲಿಷ್, ಜರ್ಮನ್, ಫ್ರೆಂಚ್‌ಗಳ ಜೊತೆಗೆ ಸ್ಪ್ಯಾನಿಷನ್ನೂ ಕಲಿಸಿದೆ. ತೆಲುಗು ಮಾಧ್ಯಮದ ಮನೆಗಳಿಂದ ಬಂದವರಿಗೆ ಸಾಧ್ಯವಾದದ್ದು ಗುಂಡ್ಲುಪೇಟೆಯ ವಾಣಿಜ್ಯ ಪದವೀಧರರಿಗೆ ಅಸಾಧ್ಯವೆನ್ನಲು ಕಾರಣವಿಲ್ಲ.

ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಸ್ಪ್ಯಾನಿಷ್‌ನಲ್ಲಿ ಕೆಲಸ ಮಾಡುವಷ್ಟು ಪ್ರಾವೀಣ್ಯ ಬರಲು ಸುಮಾರು 600ರಿಂದ 750 ತರಗತಿ ಗಂಟೆಗಳನ್ನು ಲೆಕ್ಕ ಹಾಕುತ್ತದೆ. ವರ್ತಕರಿಗೆ ಬೇಕಾದ್ದು ಅದರ ಸಣ್ಣ ಪಾಲು. ಸ್ಪೇನ್ ಸರಕಾರದ ಇನ್‌ಸ್ಟಿಟ್ಯೂಟೊ ಸರ್ವಾಂತೆಸ್ ಸಂಸ್ಥೆಯ ಕೇಂದ್ರ 2009ರಲ್ಲಿ ನವದೆಹಲಿಯಲ್ಲಿ ಉದ್ಘಾಟನೆಯಾಯಿತು. ಅಂತರಜಾಲದ ಮೂಲಕವೂ ಪಾಠಗಳಿವೆ. ಅದು ನಡೆಸುವ ‘ಡೆಲೆ’ ಪರೀಕ್ಷೆಗೆ ಆರು ಹಂತಗಳು; ಮೊದಲ ಎರಡು ಹಂತಗಳಾದ ಎ1, ಎ2 ಮುಗಿಸಿದವರಿಗೆ ಸರಳ ಪತ್ರ ಓದುವುದು ಕಷ್ಟವಾಗದು. ಬೆಂಗಳೂರಿನಲ್ಲಿ ಖಾಸಗಿ ತರಗತಿಗಳೂ ಇವೆ. 2024ರ ಅಕ್ಟೋಬರ್‌ನಲ್ಲಿ ಸ್ಪೇನಿನ ಪ್ರಧಾನಿ ಪೆದ್ರೊ ಸಾಂಚೆಸ್ ಭಾರತಕ್ಕೆ ಬಂದಾಗ ಬೆಂಗಳೂರಿನಲ್ಲಿ ತಮ್ಮ ದೇಶದ ಕಾನ್ಸುಲೇಟ್ ತೆರೆಯುವ ನಿರ್ಧಾರವೂ ಪ್ರಕಟವಾಯಿತು.

ಕಲಿಯಬೇಕಾದವರು ಮಾಲೀಕರೇ ಆಗಬೇಕೆಂದಿಲ್ಲ. ಪತ್ರವ್ಯವಹಾರ ನೋಡಿಕೊಳ್ಳುವವರು, ಕೆಲಸ ಬಿಟ್ಟು ಹೋಗುವ ಸಂಭವ ಕಡಿಮೆಯಿರುವವರು ಆದರೆ ಉತ್ತಮ. ಮೆಕ್ಸಿಕೊ ನಗರದಲ್ಲಿ ಬೆಳಿಗ್ಗೆ ಒಂಬತ್ತಾದಾಗ ನಮ್ಮಲ್ಲಿ ರಾತ್ರಿ ಎಂಟೂವರೆ. ಆ ಹೊತ್ತಿನಲ್ಲಿ ದೂರವಾಣಿ ಎತ್ತಿಕೊಳ್ಳಬಲ್ಲವರನ್ನು ಆರಿಸುವುದು ಮನೆಯವರ ಪೈಕಿಯೇ ಸುಲಭವಾಗಬಹುದು.

ಆದರೆ ಮನೆಯವರನ್ನು ಕಳುಹಿಸುವಾಗ ಲೆಕ್ಕದಲ್ಲಿ ಎಚ್ಚರ ಬೇಕು. ನೌಕರರ ತರಬೇತಿಗಾಗಿ ಸಂಪೂರ್ಣವಾಗಿ ವ್ಯವಹಾರದ ಉದ್ದೇಶಕ್ಕೇ ಮಾಡಿದ ವೆಚ್ಚವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ತೋರಿಸಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಮಾಲೀಕರ ಅಥವಾ ನಿರ್ದೇಶಕರ ಮಕ್ಕಳ ಶಿಕ್ಷಣದ ವೆಚ್ಚವನ್ನು ಸಂಸ್ಥೆಯ ಖಾತೆಗೆ ಹಾಕಿದಾಗ ಅಧಿಕಾರಿಗಳು ಪ್ರಶ್ನಿಸಿ ವಿವಾದಗಳಾದದ್ದುಂಟು. ಮಗನೋ ಮಗಳೋ ಸಂಸ್ಥೆಯ ನೌಕರರಾಗಿ ಸಂಬಳದ ಪುಸ್ತಕದಲ್ಲಿರಬೇಕು. ಸ್ಪ್ಯಾನಿಷ್ ಆಡುವ ದೇಶದೊಂದಿಗೆ ನಡೆದ ಅಥವಾ ನಡೆಯಲಿರುವ ವ್ಯವಹಾರದ ಪತ್ರಗಳು ಕಡತದಲ್ಲಿರಬೇಕು. ಪಾಲುದಾರಿಕೆ ಅಥವಾ ಕಂಪನಿಯಾದರೆ ತರಬೇತಿಗೆ ಕಳುಹಿಸುವ ನಿರ್ಣಯ ಶುಲ್ಕ ಕಟ್ಟುವ ದಿನಾಂಕಕ್ಕಿಂತ ಮೊದಲೇ ದಾಖಲಾಗಿರಬೇಕು. ಶುಲ್ಕವನ್ನು ನಗದಿನಲ್ಲಿ ಕೊಡದೆ ಬ್ಯಾಂಕಿನ ಮೂಲಕ ಕೊಟ್ಟು, ರಸೀದಿಯನ್ನು ಸಂಸ್ಥೆಯ ಹೆಸರಿನಲ್ಲಿಯೇ, ಜಿ.ಎಸ್.ಟಿ. ಸಂಖ್ಯೆ ಸಹಿತ ಪಡೆದಿಟ್ಟುಕೊಳ್ಳತಕ್ಕದ್ದು.